ಚೌಕದ ಆಟವೂ ಸಭಿಕನ ಧರ್ಮವೂ

ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ಅನೇಕ ಮಾಧ್ವ ಕುಟುಂಬಗಳಲ್ಲಿ ಮಗನೋ ಮಗಳೋ ಅಳಿಯನೋ ಅಮೆರಿಕದಲ್ಲಿ ಉದ್ಯೋಗಸ್ಥರಾಗಿರುವುದು ಈಗ ಸಾಮಾನ್ಯ ಸಂಗತಿ. ಪ್ರತಿ ವರ್ಷ ಮಾರ್ಚ್ ತಿಂಗಳು ಬಂತೆಂದರೆ ಅಲ್ಲಿಯ ಕಚೇರಿಗಳಲ್ಲಿ ಒಂದು ಆಟ ನಡೆಯುತ್ತದೆ. ಕಾಲೇಜು ವಿದ್ಯಾರ್ಥಿಗಳ ಬಾಸ್ಕೆಟ್‌ಬಾಲ್ ಪಂದ್ಯಾವಳಿಯನ್ನು ಆಧರಿಸಿ ನೂರು ಮನೆಗಳ ಒಂದು ಚೌಕವನ್ನು ಬರೆದು, ಒಂದೊಂದು ಮನೆಗೂ ಇಷ್ಟೆಂದು ಹಣ ಪಡೆದು, ಗೆದ್ದವರಿಗೆ ಹಂಚುವ ಆಟ ಅದು. ಅದರಲ್ಲಿ ಭಾಗವಹಿಸಬಹುದೇ, ಅದನ್ನು ನಡೆಸಿಕೊಡೆಂದು ಸಹೋದ್ಯೋಗಿಗಳು ಕೇಳಿಕೊಂಡರೆ ಒಪ್ಪಬಹುದೇ ಎಂಬ ಪ್ರಶ್ನೆಯನ್ನು ಮಕ್ಕಳು ಊರಿನ ಹಿರಿಯರ ಮುಂದಿಟ್ಟರೆ ಉತ್ತರ ಎರಡರಲ್ಲೊಂದು ಬರುತ್ತದೆ. "ಅದು ಜೂಜು, ಬೇಡ" ಎಂಬುದು ಒಂದು. "ಎಲ್ಲರೂ ಆಡುವಾಗ ನೀನೊಬ್ಬನು ದೂರ ನಿಂತರೆ ಚೆನ್ನಾಗಿರುವುದಿಲ್ಲ" ಎಂಬುದು ಇನ್ನೊಂದು. ಎರಡೂ ಅವಸರದ ಉತ್ತರಗಳೇ. ವಿಷಯ ಸಣ್ಣದೆಂದು ತೋರಿದರೂ ಅದರೊಳಗೆ ಧರ್ಮಶಾಸ್ತ್ರದವರು ಬಹಳ ಹಿಂದೆಯೇ ಎತ್ತಿದ ಒಂದು ಸೂಕ್ಷ್ಮ ಪ್ರಶ್ನೆ ಅಡಗಿರುವುದರಿಂದ ಇಲ್ಲಿ ಸ್ವಲ್ಪ ವಿಸ್ತಾರವಾಗಿ ವಿಚಾರ ಮಾಡಲಾಗಿದೆ.

ಮೊದಲು ಆಟದ ಕ್ರಮವನ್ನು ತಿಳಿಯೋಣ. ಅಡ್ಡಕ್ಕೆ ಹತ್ತು, ಉದ್ದಕ್ಕೆ ಹತ್ತು, ಹೀಗೆ ನೂರು ಮನೆಗಳು. ಬೇಕಾದವರು ಬೇಕಾದ ಮನೆಯಲ್ಲಿ ತಮ್ಮ ಹೆಸರು ಬರೆಯಿಸುತ್ತಾರೆ. ನೂರೂ ತುಂಬಿದ ಮೇಲೆ ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳನ್ನು ಚೀಟಿ ಎತ್ತಿ, ಮೇಲಿನ ಸಾಲಿಗೆ ಒಮ್ಮೆ, ಬದಿಯ ಸಾಲಿಗೆ ಒಮ್ಮೆ ಬರೆಯುತ್ತಾರೆ. ಮೇಲಿನದು ಗೆದ್ದ ತಂಡಕ್ಕೆ, ಬದಿಯದು ಸೋತ ತಂಡಕ್ಕೆ. ಪಂದ್ಯ 78ಕ್ಕೆ 71ರಂತೆ ಮುಗಿಯಿತೆನ್ನೋಣ. ಬಿಡಿ ಸ್ಥಾನದ ಅಂಕಿಗಳಾದ ಎಂಟೂ ಒಂದೂ ಕೂಡುವ ಮನೆಯಲ್ಲಿ ಯಾರ ಹೆಸರಿದೆಯೋ ಅವರಿಗೆ ಆ ಪಂದ್ಯದ ಬಹುಮಾನ. ಯಾವ ತಂಡ ಗೆದ್ದಿತು, ಹೇಗೆ ಗೆದ್ದಿತು ಎಂಬುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಈ ಪಂದ್ಯಾವಳಿ 1939ರಲ್ಲಿ ಎಂಟು ತಂಡಗಳಿಂದ ಆರಂಭವಾಯಿತು. 1985ರಲ್ಲಿ ಅರವತ್ತನಾಲ್ಕಕ್ಕೆ, 2011ರಲ್ಲಿ ಅರವತ್ತೆಂಟಕ್ಕೆ ಏರಿತು. ಅರವತ್ತನಾಲ್ಕು ತಂಡಗಳ ಸುತ್ತಿನಿಂದ ಕೊನೆಯವರೆಗೆ 63 ಪಂದ್ಯಗಳು. ಮನೆಯೊಂದಕ್ಕೆ ಹತ್ತು ಡಾಲರಿನಂತೆ ಸಾವಿರ ಡಾಲರ್ ಕೂಡಿದರೆ, ಮೊದಲ ಸುತ್ತಿನ 32 ಪಂದ್ಯಗಳಿಗೆ ಹತ್ತರಂತೆ, ಮುಂದಿನ 16ಕ್ಕೆ ಹದಿನೈದರಂತೆ, ಎಂಟಕ್ಕೆ ಇಪ್ಪತ್ತರಂತೆ, ನಾಲ್ಕಕ್ಕೆ ಮೂವತ್ತರಂತೆ, ಎರಡಕ್ಕೆ ನಲವತ್ತರಂತೆ, ಅಂತಿಮ ಪಂದ್ಯಕ್ಕೆ ಎಂಬತ್ತು ಎಂದು ಇಟ್ಟರೆ ಸಾವಿರವೂ ಸರಿಯಾಗಿ ಹಂಚಿಹೋಗುತ್ತದೆ. ನಡೆಸುವವನ ಕೈಯಲ್ಲಿ ಒಂದು ಕಾಸೂ ಉಳಿಯುವುದಿಲ್ಲ. ಇಷ್ಟು ನೇರವಾದ ಲೆಕ್ಕವಿರುವಾಗ ಇದರಲ್ಲಿ ದೋಷವೆಲ್ಲಿ ಎಂದು ಮಕ್ಕಳು ಕೇಳುವುದು ಸಹಜ. ಆದರೂ ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದು ನೋಡಬೇಕು. 63 ಪಂದ್ಯಗಳಲ್ಲಿ ಒಂದು ಮನೆಗೆ ಒಮ್ಮೆಯೂ ಫಲ ಬಾರದಿರುವ ಸಂಭವ ನೂರಕ್ಕೆ ಸುಮಾರು 53. ಅಂದರೆ ಅರ್ಧಕ್ಕಿಂತ ಹೆಚ್ಚು ಮನೆಗಳು ಬರಿದಾಗಿಯೇ ಉಳಿಯುತ್ತವೆ. ಇನ್ನೊಂದು ಸೂಕ್ಷ್ಮವೂ ಉಂಟು. ಬಾಸ್ಕೆಟ್‌ಬಾಲಿನಲ್ಲಿ ಸಮಬಲದಿಂದ ಪಂದ್ಯ ಮುಗಿಯುವ ಪದ್ಧತಿ ಇಲ್ಲ. ಹೆಚ್ಚಿನ ಸಮಯ ಕೊಟ್ಟು ಆಡಿಸುತ್ತಾರೆ. ಹಾಗಾಗಿ ಎರಡೂ ಕಡೆ ಒಂದೇ ಅಂಕಿಯಿರುವ ಮನೆಗೆ ಫಲ ಬರಬೇಕಾದರೆ ಅಂತರವು ಹತ್ತೋ ಇಪ್ಪತ್ತೋ ಆಗಿರಲೇಬೇಕು. ಆ ಹತ್ತು ಮನೆಗಳ ಭಾಗ್ಯ ಉಳಿದವುಗಳಿಗಿಂತ ಸ್ವಲ್ಪ ಕಡಿಮೆಯೇ. ಇದು ಮೋಸವಲ್ಲ, ಚೀಟಿ ಎತ್ತುವ ಮೊದಲು ಯಾರ ಮನೆ ಅದೆಂದು ಯಾರಿಗೂ ಗೊತ್ತಿಲ್ಲ. ಆದರೆ ನಡೆಸುವವನಿಗಾದರೂ ಈ ಸಂಗತಿ ತಿಳಿದಿರಬೇಕು.

ಸಂಖ್ಯೆಯ ಶೇಷವನ್ನು ಹಿಡಿದು ಗೆಲುವನ್ನು ನಿರ್ಣಯಿಸುವ ಈ ಉಪಾಯ ಅಮೆರಿಕದವರ ನೂತನ ಸೃಷ್ಟಿಯೆಂದು ಭಾವಿಸಬೇಕಾಗಿಲ್ಲ. ವೇದಕಾಲದ ಅಕ್ಷಗಳು ಇಂದಿನ ಆರು ಮುಖದ ದಾಳಗಳಾಗಿರಲಿಲ್ಲ. ವಿಭೀತಕದ, ಅಂದರೆ ನಮ್ಮ ತಾರೆ ಮರದ ಕಾಯಿಗಳಾಗಿದ್ದವು. ರಾಶಿಯಿಂದ ಹಿಡಿಯಷ್ಟು ತೆಗೆದು ನಾಲ್ಕು ನಾಲ್ಕಾಗಿ ಎಣಿಸುತ್ತಿದ್ದರೆಂದೂ, ಏನೂ ಉಳಿಯದಿದ್ದರೆ ಕೃತ, ಮೂರು ಉಳಿದರೆ ತ್ರೇತಾ, ಎರಡಾದರೆ ದ್ವಾಪರ, ಒಂದೇ ಉಳಿದರೆ ಕಲಿ ಎಂದು ಕರೆಯುತ್ತಿದ್ದರೆಂದೂ ವಿದ್ವಾಂಸರು ವಿವರಿಸಿದ್ದಾರೆ. ನಾಲ್ಕು ಯುಗಗಳ ಹೆಸರುಗಳೇ ಅಕ್ಷಕ್ರೀಡೆಯ ಹೆಸರುಗಳಾಗಿರುವುದನ್ನು ಕಂಡರೆ ಆ ಆಟ ಜನಮನದಲ್ಲಿ ಎಷ್ಟು ಆಳಕ್ಕೆ ಇಳಿದಿತ್ತೆಂಬುದು ತಿಳಿಯುತ್ತದೆ. ವನಪರ್ವದ ನಲೋಪಾಖ್ಯಾನದಲ್ಲಿ ಋತುಪರ್ಣನು ತಾರೆ ಮರದ ಎಲೆಗಳನ್ನೂ ಕಾಯಿಗಳನ್ನೂ ನೋಟಮಾತ್ರದಿಂದ ಎಣಿಸಿ ನಲನಿಗೆ ಅಕ್ಷಹೃದಯವನ್ನು ಉಪದೇಶಿಸುವ ಪ್ರಸಂಗ ಎಲ್ಲರಿಗೂ ತಿಳಿದದ್ದೇ; ನಲನ ದೇಹವನ್ನು ಬಿಟ್ಟ ಕಲಿಯು ಹೊಕ್ಕಿದ್ದೂ ಅದೇ ಮರವನ್ನು. ಋತುಪರ್ಣನಿಗೆ ಎಣಿಕೆಯ ವಿದ್ಯೆಯೊಂದಿತ್ತು. ಅಮೆರಿಕದ ಚೌಕದಲ್ಲಿ ಅದಕ್ಕೂ ಅವಕಾಶವಿಲ್ಲ.

ಹಾಗಾದರೆ ಕೇವಲ ಅದೃಷ್ಟಕ್ಕೆ ಬಿಡುವುದೇ ದೋಷವೇ? ಅಲ್ಲವೆಂದೇ ನಮ್ಮ ಅಭಿಪ್ರಾಯ. ಅಣ್ಣತಮ್ಮಂದಿರು ಪಾಲಾಗುವಾಗ ಗದ್ದೆ, ತೋಟ, ಮನೆಗಳನ್ನು ಸಮನಾಗಿ ಪಟ್ಟಿಮಾಡಿ ಚೀಟಿ ಎತ್ತುವುದುಂಟು. ಅಲ್ಲಿ ಚೀಟಿಯು ಪಕ್ಷಪಾತವನ್ನು ತಪ್ಪಿಸುವ ಸಾಧನ. ಯಾರ ಪಾಲನ್ನೂ ಕಸಿದು ಇನ್ನೊಬ್ಬನಿಗೆ ಕೊಡುವುದಿಲ್ಲ. ಮಿಗಿಲಾಗಿ "ಅದೃಷ್ಟ" ಎಂಬ ಶಬ್ದವನ್ನು ನಾವು ಇಂದು ಬಳಸುವ ಅರ್ಥವೇ ಬೇರೆ. ಶಾಸ್ತ್ರದಲ್ಲಿ ಅದೃಷ್ಟವೆಂದರೆ ಕಣ್ಣಿಗೆ ಕಾಣದ ಪುಣ್ಯಪಾಪಗಳ ಸಂಸ್ಕಾರ. ಕಾರಣವಿಲ್ಲದೆ ಬಂದದ್ದೆಂದು ಅರ್ಥವಲ್ಲ. ಶ್ರೀಮದಾಚಾರ್ಯರು ತತ್ತ್ವವನ್ನು ಸ್ವತಂತ್ರ, ಅಸ್ವತಂತ್ರ ಎಂದು ವಿಭಾಗಿಸಿದ ಮೇಲೆ ಸ್ವತಂತ್ರನಾದ ಶ್ರೀಹರಿಯ ಇಚ್ಛೆಗೆ ಹೊರತಾದ ಆಕಸ್ಮಿಕವೆಂಬುದು ತತ್ತ್ವವಾದಿಗೆ ಇಲ್ಲ. ಇದನ್ನೇ ನೆಪಮಾಡಿಕೊಂಡು, "ಚೀಟಿಯಲ್ಲಿ ಬಂದದ್ದು ದೇವರು ಕೊಟ್ಟದ್ದು, ತೆಗೆದುಕೊಳ್ಳಲು ಅಡ್ಡಿಯೇನು?" ಎನ್ನುವವರೂ ಇದ್ದಾರೆ. ಸೋತಾಗ ಅದೇ ಮಾತನ್ನು ಅಷ್ಟೇ ಉತ್ಸಾಹದಿಂದ ಅವರು ಹೇಳಿದ್ದನ್ನು ಕೇಳಿದವರು ವಿರಳ! ಫಲ ದೈವಾಧೀನವೆಂಬುದು ನಿಜ. ಆದರೆ ಯಾವ ಕರ್ಮಕ್ಕೆ ಕೈ ಹಾಕಬೇಕೆಂಬ ವಿವೇಕವನ್ನು ಕೊಟ್ಟವನೂ ಅವನೇ.

ನಮ್ಮ ಮನೆಗಳ ಚೌಕಾಬಾರವನ್ನು ಇದಕ್ಕೆ ಹೋಲಿಸಿದರೆ ಭೇದ ಸ್ಪಷ್ಟವಾಗುತ್ತದೆ. ಕವಡೆ ಎಷ್ಟು ಬೀಳುವುದೆಂಬುದು ನಮ್ಮ ಕೈಯಲ್ಲಿಲ್ಲ. ಬಿದ್ದ ಮೇಲೆ ಯಾವ ಕಾಯಿಯನ್ನು ನಡೆಸಬೇಕು, ಯಾವುದನ್ನು ಕಟ್ಟೆಯಲ್ಲಿ ಉಳಿಸಬೇಕು ಎಂಬುದು ನಮ್ಮದು. ಬಲಿಪಾಡ್ಯಮಿಯನ್ನು ದ್ಯೂತ ಪ್ರತಿಪದೆಯೆಂದು ಕರೆದು ಆ ದಿನ ಪಗಡೆಯಾಡುವ ಸಂಪ್ರದಾಯವೂ ಹಲವೆಡೆ ಇದೆ. ನಮ್ಮ ದೇಶದ ನ್ಯಾಯಾಲಯಗಳೂ ಇದೇ ಗೆರೆಯನ್ನು ಎಳೆದಿವೆ. ಸರ್ವೋಚ್ಚ ನ್ಯಾಯಾಲಯವು 1957ರಲ್ಲಿ ಬಹುಮಾನ ಸ್ಪರ್ಧೆಗಳ ಮೊಕದ್ದಮೆಯಲ್ಲಿಯೂ, 1967ರಲ್ಲಿ ರಮ್ಮಿಯ ವಿಷಯದಲ್ಲಿಯೂ, 1996ರಲ್ಲಿ ಕುದುರೆ ಪಂದ್ಯದ ವಿಷಯದಲ್ಲಿಯೂ ಕೌಶಲ ಪ್ರಧಾನವಾದುದು ಬೇರೆ, ಅದೃಷ್ಟ ಪ್ರಧಾನವಾದುದು ಬೇರೆ ಎಂದಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯಿದೆ ಮಾತ್ರ ಹಣ ತೊಡಗಿಸುವ ಆನ್‌ಲೈನ್ ಆಟಗಳಿಗೆ ಈ ಭೇದವನ್ನು ಲೆಕ್ಕಿಸದೆ ನಿಷೇಧ ಹೇಳಿತು. ಆದರೆ ಕೌಶಲವಿದ್ದರೆ ಸರಿ, ಇಲ್ಲದಿದ್ದರೆ ತಪ್ಪು ಎಂಬ ಅಳತೆಗೋಲು ನ್ಯಾಯಾಲಯಕ್ಕೆ ಸಾಕಾದೀತು, ಧರ್ಮವಿಚಾರಕ್ಕೆ ಸಾಲದು. ಕೌಶಲದಲ್ಲಿ ಶಕುನಿಯನ್ನು ಮೀರಿಸಿದವರು ಯಾರಿದ್ದರು?

ಇಲ್ಲಿ ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದ ಒಂದು ವಿಭಾಗ ಬಹಳ ಉಪಕಾರಿಯಾಗಿದೆ. ಪ್ರಾಣವಿಲ್ಲದ ವಸ್ತುಗಳಿಂದ ಪಣವೊಡ್ಡಿ ಆಡುವುದು ದ್ಯೂತ. ಪ್ರಾಣಿಗಳಿಂದ ಆಡಿಸುವುದು ಸಮಾಹ್ವಯ. ದಾಳ, ಕವಡೆ, ಇಸ್ಪೀಟು ಇವೆಲ್ಲ ಮೊದಲನೆಯದಕ್ಕೆ ಸೇರುತ್ತವೆ. ನಮ್ಮ ಸೀಮೆಯ ಕೋಳಿ ಪಡೆ ಎರಡನೆಯದಕ್ಕೆ ಸರಿಯಾದ ಉದಾಹರಣೆ. ಕಾಲಿಗೆ ಬಾಳು ಕಟ್ಟಿಸಿಕೊಂಡ ಕೋಳಿಗೆ ತನ್ನ ಮೇಲೆ ಯಾರು ಎಷ್ಟು ಕಟ್ಟಿದ್ದಾರೆಂದು ಗೊತ್ತಿಲ್ಲ, ಸತ್ತರೂ ಗೆದ್ದರೂ ಅದಕ್ಕೇನೂ ದಕ್ಕುವುದಿಲ್ಲ. ಈಗ ಚೌಕದ ಆಟ ಇವೆರಡರಲ್ಲಿ ಯಾವುದು? ಹಣ ಕಟ್ಟಿದವನು ತಂಡದ ಮೇಲೆ ಕಟ್ಟಿಲ್ಲ, ಬರಿಯ ಅಂಕಿಯ ಮೇಲೆ ಕಟ್ಟಿದ್ದಾನೆ, ಆದುದರಿಂದ ದ್ಯೂತ. ಆದರೆ ಆ ಅಂಕಿಯನ್ನು ಉರುಳಿಸುವ ಅಕ್ಷಗಳು ತಾರೆಕಾಯಿಗಳಲ್ಲ. ಹತ್ತೊಂಬತ್ತು ಇಪ್ಪತ್ತು ವಯಸ್ಸಿನ ವಿದ್ಯಾರ್ಥಿಗಳು. ದ್ಯೂತದ ದಾಳವನ್ನು ತೆಗೆದು ಆ ಸ್ಥಾನದಲ್ಲಿ ಪ್ರಾಣವುಳ್ಳವರನ್ನು ಇರಿಸಿದ ಆಟವಿದು. ಸಮಾಹ್ವಯದಲ್ಲಿಯಾದರೂ ನೋಡುವವನು ತನ್ನ ಪಕ್ಷದ ಪ್ರಾಣಿಯ ಬಲವನ್ನು ಮೆಚ್ಚುತ್ತಾನೆ. ಇಲ್ಲಿ ಮೆಚ್ಚಲು ಪಕ್ಷವೇ ಇಲ್ಲ.

ಇದು ಬರಿಯ ತರ್ಕವೆಂದು ವಾಚಕರು ಭಾವಿಸಬಾರದು. ಪಂದ್ಯ ಮುಗಿಯಲು ಎರಡು ನಿಮಿಷವಿದೆ, ಒಂದು ತಂಡ ಹದಿನೈದು ಅಂಕ ಮುಂದಿದೆಯೆಂದು ಇಟ್ಟುಕೊಳ್ಳಿ. ಗೆಲುವು ನಿಶ್ಚಯವಾಯಿತು. ಇಡೀ ವರ್ಷ ಬೆಂಚಿನ ಮೇಲೆಯೇ ಕುಳಿತಿದ್ದ ಹುಡುಗನೊಬ್ಬನನ್ನು ತರಬೇತುದಾರರು ಆಗ ಅಂಗಣಕ್ಕೆ ಇಳಿಸುತ್ತಾರೆ. ಅವನ ತಾಯಿತಂದೆಯರು ಎದ್ದು ನಿಂತು ನೋಡುತ್ತಿದ್ದಾರೆ. ಅವನು ಚೆಂಡನ್ನು ಬುಟ್ಟಿಗೆ ಎಸೆಯುತ್ತಾನೆ. ಆ ಒಂದು ಎಸೆತದಿಂದ ಸೋಲುಗೆಲುವಿಗೆ ಏನೂ ಆಗುವುದಿಲ್ಲ, ಬಿಡಿ ಸ್ಥಾನದ ಅಂಕಿ ಮಾತ್ರ ಬದಲಾಗುತ್ತದೆ. ಎಲ್ಲಿಯೋ ಒಂದು ಕಚೇರಿಯಲ್ಲಿ ಕುಳಿತವನು "ಅಯ್ಯೋ, ಬೀಳದಿರಲಿ" ಎಂದು ಮನಸ್ಸಿನಲ್ಲಿ ಹಾರೈಸುತ್ತಾನೆ. ಆ ಹುಡುಗನ ಮೇಲೆ ಅವನಿಗೆ ದ್ವೇಷವಿಲ್ಲ, ಪರಿಚಯವೂ ಇಲ್ಲ. ಹತ್ತು ಡಾಲರಿಗಾಗಿ ಪರರ ಮಗನ ಸಂತೋಷಕ್ಕೆ ಒಂದು ಕ್ಷಣ ಅಡ್ಡಿ ಬಯಸಿದನು, ಅಷ್ಟೇ. ಪರರ ಉತ್ಕರ್ಷವನ್ನು ಕಂಡು ಸಂತೋಷಿಸುವ ಮುದಿತಾಭಾವಕ್ಕೆ ಇದು ನೇರವಾಗಿ ವಿರುದ್ಧ. ನಮ್ಮ ದೃಷ್ಟಿಯಲ್ಲಿ ಈ ಆಟದ ದೊಡ್ಡ ನಷ್ಟ ಹಣದ್ದಲ್ಲ, ಇದು.

ಹಣ ದೊಡ್ಡದಾದಲ್ಲಿ ಈ ಭಾವ ಎಲ್ಲಿಗೆ ಮುಟ್ಟುವುದೆಂಬುದಕ್ಕೆ ಆ ದೇಶದ ಕಾಲೇಜು ಬಾಸ್ಕೆಟ್‌ಬಾಲಿನ ಇತಿಹಾಸವೇ ಸಾಕ್ಷಿ. ನ್ಯೂಯಾರ್ಕಿನ ಸಿಟಿ ಕಾಲೇಜಿನ ತಂಡ 1950ರಲ್ಲಿ ದೇಶದ ಎರಡು ಪ್ರಮುಖ ಪಂದ್ಯಾವಳಿಗಳನ್ನೂ ಗೆದ್ದು ಅಪೂರ್ವ ಕೀರ್ತಿ ಪಡೆಯಿತು. ಮರುವರ್ಷವೇ, 1951ರಲ್ಲಿ, ಆ ತಂಡದ ಆಟಗಾರರೂ ಬೇರೆ ಕಾಲೇಜುಗಳ ಆಟಗಾರರೂ ಬಂಧಿತರಾದರು. ಸೋಲಬೇಕೆಂದೇನೂ ಅವರಿಗೆ ಹೇಳಿರಲಿಲ್ಲ. ಗೆದ್ದರೂ ಇಷ್ಟು ಅಂಕಕ್ಕಿಂತ ಹೆಚ್ಚು ಅಂತರದಿಂದ ಗೆಲ್ಲಬೇಡಿರೆಂದು ಜೂಜುಗಾರರು ಹಣ ಕೊಟ್ಟಿದ್ದರು. ಗೆಲುವನ್ನು ಮಾರದೆ ಅಂಕಿಯನ್ನು ಮಾತ್ರ ಮಾರಿದೆವೆಂದು ಆ ಹುಡುಗರು ತಮ್ಮನ್ನು ತಾವೇ ಸಮಾಧಾನಪಡಿಸಿಕೊಂಡಿರಬಹುದು. 2013ರಲ್ಲಿ ನಮ್ಮ ಐ.ಪಿ.ಎಲ್. ಕ್ರಿಕೆಟಿನಲ್ಲಿ ಒಂದೊಂದು ಓವರಿನ ರನ್ನುಗಳ ಮೇಲೆ ನಡೆದ ಪ್ರಕರಣದ ತಿರುಳೂ ಇದೇ. ಅಮೆರಿಕದ ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ನಿರ್ಬಂಧದ ಕಾಯಿದೆಯನ್ನು ರದ್ದುಪಡಿಸಿದ ಮೇಲೆ ಅನೇಕ ರಾಜ್ಯಗಳಲ್ಲಿ ಕ್ರೀಡೆಯ ಮೇಲಿನ ಪಣ ಶಾಸನಸಮ್ಮತವಾಯಿತು. ವಿದ್ಯಾರ್ಥಿ ಆಟಗಾರರ ವೈಯಕ್ತಿಕ ಅಂಕಗಳ ಮೇಲೆ ಪಣ ಕಟ್ಟುವುದನ್ನಾದರೂ ನಿಲ್ಲಿಸಿರೆಂದು 2024ರಲ್ಲಿ ಕಾಲೇಜು ಕ್ರೀಡಾ ಸಂಸ್ಥೆಯ ಅಧ್ಯಕ್ಷರೇ ಬಹಿರಂಗವಾಗಿ ಕೇಳಿಕೊಳ್ಳಬೇಕಾಯಿತು. ಕಚೇರಿಯ ಹತ್ತು ಡಾಲರಿನ ಚೌಕ ಯಾವ ಹುಡುಗನನ್ನೂ ಕೆಡಿಸಲಾರದು, ಒಪ್ಪೋಣ. ಆದರೆ ಎರಡೂ ಕಡೆ ನೋಡುವ ಕಣ್ಣು ಒಂದೇ.

ಸಭಾಪರ್ವದಲ್ಲಿ ಧರ್ಮರಾಜನು ರಾಜ್ಯವನ್ನೂ ತಮ್ಮಂದಿರನ್ನೂ ತನ್ನನ್ನೂ ಪಣಕ್ಕಿಟ್ಟು ಸೋತಾಗ ಭೀಮಸೇನದೇವರು ತಾಳಿಕೊಂಡರು. ದ್ರೌಪದಿಯನ್ನು ಪಣಕ್ಕಿಟ್ಟಾಗ ಮಾತ್ರ, ಸಹದೇವನೇ ಬೆಂಕಿ ತಾ, ಅಣ್ಣನ ಕೈಗಳನ್ನು ಸುಡುತ್ತೇನೆ ಎಂದರು, ಅರ್ಜುನನು ತಡೆಯಬೇಕಾಯಿತು. ಯಾರು ಆಟಕ್ಕೆ ಕುಳಿತಿಲ್ಲವೋ, ಯಾರ ಒಪ್ಪಿಗೆಯನ್ನು ಕೇಳಿಲ್ಲವೋ ಅವರು ಪಣವಾದರೆಂಬುದೇ ಆ ಕೋಪಕ್ಕೆ ಕಾರಣವೆಂದು ನಮಗೆ ತೋರುತ್ತದೆ. ಆ ಮಹಾ ಅನ್ಯಾಯಕ್ಕೂ ಈ ಚಿಲ್ಲರೆ ಆಟಕ್ಕೂ ಅಜಗಜಾಂತರವಿದೆ, ಸಮೀಕರಿಸುವುದು ನಮ್ಮ ಉದ್ದೇಶವಲ್ಲ. ಆದರೂ ಅಂಗಣದಲ್ಲಿ ಬೆವರುವ ವಿದ್ಯಾರ್ಥಿಯ ಒಪ್ಪಿಗೆಯನ್ನು ಯಾರೂ ಕೇಳಿಲ್ಲವೆಂಬ ಅಂಶ ಎರಡಕ್ಕೂ ಸಮಾನ.

ಇನ್ನು ನಡೆಸಿಕೊಡುವವನ ವಿಷಯ. ಮಕ್ಕಳ ಪ್ರಶ್ನೆಯ ಮುಖ್ಯ ಭಾಗ ಇದೇ ಆದರೂ ಹಿರಿಯರು ಇದನ್ನು ಗಮನಿಸುವುದೇ ಇಲ್ಲ. ಪ್ರಾಚೀನರು ಅವನನ್ನು ಸಭಿಕನೆಂದು ಕರೆದರು. ಕೌಟಿಲ್ಯನ ಅರ್ಥಶಾಸ್ತ್ರದಂತೆ ದ್ಯೂತವನ್ನು ಒಂದೇ ಸ್ಥಳದಲ್ಲಿ ಅಧ್ಯಕ್ಷನ ಎದುರಿನಲ್ಲಿ ಆಡಬೇಕು, ಬೇರೆಡೆ ಆಡಿದವನಿಗೆ 12 ಪಣ ದಂಡ, ಗೆದ್ದ ಧನದಲ್ಲಿ ನೂರಕ್ಕೆ ಐದು ಅಧ್ಯಕ್ಷನಿಗೆ. ಯಾಜ್ಞವಲ್ಕ್ಯ ಸ್ಮೃತಿಯೂ ಸಭಿಕನಿಗೆ ಸಂದರ್ಭಕ್ಕೆ ತಕ್ಕಂತೆ ನೂರಕ್ಕೆ ಐದೋ ಹತ್ತೋ ಎಂದು ಹೇಳಿ, ಅದರಿಂದ ರಾಜನ ಭಾಗವನ್ನು ಸಲ್ಲಿಸುವುದೂ ಗೆದ್ದವನಿಗೆ ಧನವನ್ನು ಕೊಡಿಸುವುದೂ ಅವನ ಹೊಣೆಯೆಂದಿತು. ಈ ಹೊಣೆ ಎಂಥದೆಂದು ಶೂದ್ರಕನ ಮೃಚ್ಛಕಟಿಕದ ಎರಡನೆಯ ಅಂಕವನ್ನು ಓದಿದವರಿಗೆ ಗೊತ್ತು. ಹತ್ತು ಸುವರ್ಣ ಸೋತ ಸಂವಾಹಕನು ಸಭಿಕನಾದ ಮಾಥುರನಿಗೆ ಹೆದರಿ ಓಡಿ, ಹಿಮ್ಮುಖವಾಗಿ ಹೆಜ್ಜೆಯಿಟ್ಟು ಪಾಳು ಗುಡಿಯೊಂದನ್ನು ಹೊಕ್ಕು ವಿಗ್ರಹದಂತೆ ನಿಶ್ಚಲನಾಗಿ ನಿಲ್ಲುತ್ತಾನೆ. ಬೆನ್ನಟ್ಟಿ ಬಂದವರು ಅಲ್ಲಿಯೇ ಕುಳಿತು ದಾಳ ಹಾಕಲಾರಂಭಿಸುತ್ತಾರೆ. ಆ ಸದ್ದನ್ನು ಕೇಳಿ ವಿಗ್ರಹಕ್ಕೆ ತಡೆಯಲಾಗುವುದಿಲ್ಲ, ಆಟಕ್ಕೆ ಇಳಿದೇ ಬಿಡುತ್ತದೆ! ನಗೆಯ ಪ್ರಸಂಗವೇ ಸರಿ. ಆದರೆ ಮಾಥುರನು ಅವನನ್ನು ಹೊಡೆದು ಬೀದಿಯಲ್ಲಿ ಎಳೆಯುವುದು ನಗೆಯಲ್ಲ.

ಕಚೇರಿಯ ಸಭಿಕನಿಗೆ ನೂರಕ್ಕೆ ಐದು ಇಲ್ಲ, ಬಡಿಗೆಯೂ ಇಲ್ಲ. ಆದುದರಿಂದ ಅವನಿಗೆ ಹೊಣೆಯೂ ಇಲ್ಲವೆಂದು ಅನೇಕರು ತಿಳಿಯುತ್ತಾರೆ. ಲಾಭವಿಲ್ಲದ ಸಭಿಕನಲ್ಲಿ ಇನ್ನೊಂದು ಬಲವಿದೆ, ಅದು ದಾಕ್ಷಿಣ್ಯ. ನೂರು ಮನೆ ತುಂಬದೆ ಆಟ ನಡೆಯದು. ಎಂಬತ್ತರ ಮೇಲೆ ನಿಂತಾಗ ಅವನು ಹಾಳೆಯನ್ನು ಹಿಡಿದು ಮೇಜಿನಿಂದ ಮೇಜಿಗೆ ಹೋಗುತ್ತಾನೆ. ಹೊಸದಾಗಿ ಸೇರಿದವನು, ಸಂಬಳ ಕಡಿಮೆಯಿರುವವನು, ಮನಸ್ಸಿನಲ್ಲಿ ಬೇಡವೆಂದಿರುವವನು, ಜೂಜಿನ ಚಟದಿಂದ ಕಷ್ಟಪಟ್ಟು ಹೊರಬಂದು ಅದನ್ನು ಯಾರಲ್ಲೂ ಹೇಳದವನು, ಇವರೆಲ್ಲರೂ ನಗುತ್ತಲೇ ಹೆಸರು ಬರೆಯುತ್ತಾರೆ. ಧರ್ಮರಾಜನೂ ಕರೆದರೆ ಹಿಂದೆಗೆಯುವುದಿಲ್ಲವೆಂಬ ವ್ರತಕ್ಕೂ ದೊಡ್ಡಪ್ಪನ ಮಾತಿಗೂ ಕಟ್ಟುಬಿದ್ದೇ ಹಸ್ತಿನಾವತಿಗೆ ಹೋದನು. ಕರೆಯನ್ನು ಒಯ್ದವನು ದ್ಯೂತವನ್ನು ಮನಸಾರೆ ವಿರೋಧಿಸಿದ ವಿದುರ! ನಡೆಸುವವನು ಅಧಿಕಾರಿಯಾಗಿದ್ದರಂತೂ ಕೈಕೆಳಗಿನವರ ಒಪ್ಪಿಗೆಗೆ ಅರ್ಥವೇ ಉಳಿಯುವುದಿಲ್ಲ. ಆದುದರಿಂದ ಮಕ್ಕಳು ಕೇಳಿದರೆ ನಮ್ಮ ಉತ್ತರ ಹೀಗಿದೆ: ಹಣವಿಲ್ಲದೆ ನಡೆಸುವುದಾದರೆ ಹಾಳೆಯನ್ನು ಗೋಡೆಗೆ ಅಂಟಿಸಿ, ಬೇಕಾದವರು ತಾವಾಗಿ ಬಂದು ಹೆಸರು ಬರೆಯಲಿ, ಗೆದ್ದವನಿಗೆ ಒಂದು ಡಬ್ಬಿ ಸಿಹಿ ಕೊಡಿ. ಹಣ ಕೂಡಿಸಿ ನಡೆಸುವುದಾದರೆ ಹಾಳೆಯನ್ನು ನೀವು ಕೈಯಲ್ಲಿ ಹಿಡಿಯಬೇಡಿ. ಒಂದು ಮನೆ ಕೊಂಡವನಿಗಿಂತ ನೂರು ಮನೆ ತುಂಬಿಸಿದವನ ಪಾಲು ಇದರಲ್ಲಿ ದೊಡ್ಡದು.

ಇಷ್ಟು ಹೇಳಿ ಅಮೆರಿಕದವರನ್ನು ದೂರಿ ಮುಗಿಸಿದರೆ ನ್ಯಾಯವಾಗದು. ನಮ್ಮ ಮೂರು ತಾಲೂಕುಗಳಲ್ಲಿ ಮಳೆಗಾಲ ಕಳೆದ ಮೇಲೆ ಕಬಡ್ಡಿ, ವಾಲಿಬಾಲ್, ಕ್ರಿಕೆಟ್ ಪಂದ್ಯಾಟಗಳ ಸುಗ್ಗಿ. ಅದರ ಖರ್ಚಿಗೆಂದು ಯುವಕ ಸಂಘಗಳ ಹುಡುಗರು ಲಕ್ಕಿ ಕೂಪನ್ ಪುಸ್ತಕ ಹಿಡಿದು ಮನೆ ಬಾಗಿಲಿಗೆ ಬರುತ್ತಾರೆ. ಭಜನಾ ಮಂದಿರದ ವಾರ್ಷಿಕೋತ್ಸವಕ್ಕೂ ಇದೇ ದಾರಿ. ಕರ್ನಾಟಕ ಸರ್ಕಾರ 2007ರಲ್ಲಿ ಲಾಟರಿಯನ್ನು ನಿಲ್ಲಿಸಿತು. 1967ರಿಂದ ಸರ್ಕಾರವೇ ಲಾಟರಿ ನಡೆಸುತ್ತಿರುವ ಕೇರಳದ ಕಡೆಗೆ ಬೆರಳು ತೋರಿಸಿ ನಾವು ಬುದ್ಧಿ ಹೇಳುವುದುಂಟು. ಹಣ ಪಡೆದು ಚೀಟಿ ಕೊಟ್ಟು ಡ್ರಾ ಎತ್ತಿದರೆ ಅದೂ ಲಾಟರಿಯೇ ಎಂಬುದನ್ನು ಮರೆಯುತ್ತೇವೆ. ಅನುಮತಿಯಿಲ್ಲದ ಲಾಟರಿಯನ್ನು ಕಾನೂನು ಅಪರಾಧವೆಂದೇ ಎಣಿಸಿದೆ. ಕಂತು ಕಟ್ಟಿಸಿಕೊಂಡು ತಿಂಗಳಿಗೊಮ್ಮೆ ಬಹುಮಾನ ಎತ್ತುವ ಸ್ಕೀಮುಗಳನ್ನು 1978ರ ಕೇಂದ್ರ ಕಾಯಿದೆ ನಿಷೇಧಿಸಿದ್ದರೂ ಕರಾವಳಿಯಲ್ಲಿ ಅವು ಮತ್ತೆ ಮತ್ತೆ ತಲೆಯೆತ್ತಿವೆ. ಅದು ಬೇರೆಯೇ ಕಥೆ.

ಕೂಪನಿನಲ್ಲಿ ಚೌಕಕ್ಕಿಂತ ಒಳ್ಳೆಯದೊಂದು ಇದೆ: ಆಡುವ ಹುಡುಗರಿಗೆ ಅದರಿಂದ ಬಲೆ, ಚೆಂಡು, ಊಟ ದೊರೆಯುತ್ತದೆ, ಯಾರ ಅಂಕವೂ ಯಾರ ದಾಳವೂ ಆಗುವುದಿಲ್ಲ. ಚೌಕಕ್ಕಿಂತ ಕೆಟ್ಟದ್ದೂ ಒಂದಿದೆ: ಕೊಡುವವನು ತಾನು ಕೊಟ್ಟದ್ದು ದಾನವೋ ಪಣವೋ ಎಂದು ತನಗೇ ತಿಳಿಯದಂತೆ ಕೊಡುತ್ತಾನೆ. ಮೊದಲ ಬಹುಮಾನ ದ್ವಿಚಕ್ರ ವಾಹನವೆಂದು ಓದಿ ಕೊಟ್ಟ ನೂರು ರೂಪಾಯಿ ಯಾವ ಲೆಕ್ಕಕ್ಕೆ ಸೇರುತ್ತದೆ? "ಕೂಪನ್ ಬೇಡ, ಈ ಹಣ ನಿಮ್ಮ ಪಂದ್ಯಾಟಕ್ಕೆ" ಎಂದು ಕೊಡಹೋದರೆ ಹುಡುಗರು ಮುಖ ಮುಖ ನೋಡಿಕೊಳ್ಳುತ್ತಾರೆ. ಅವರ ಕೈಯಲ್ಲಿ ಅದಕ್ಕೆ ರಶೀದಿಯೇ ಇರುವುದಿಲ್ಲ. ಸಂಘದ ಹಿರಿಯರು ಈ ವರ್ಷ ಕೂಪನ್ ಪುಸ್ತಕದ ಜೊತೆಯಲ್ಲಿ ಒಂದು ರಶೀದಿ ಪುಸ್ತಕವನ್ನೂ ಅಚ್ಚು ಹಾಕಿಸಿ ಕಳುಹಿಸಿ ನೋಡಲಿ. ಯಾವುದರಲ್ಲಿ ಎಷ್ಟು ಹಾಳೆ ಹರಿಯಿತೆಂದು ಪಂದ್ಯಾಟ ಮುಗಿದ ಮೇಲೆ ಎಣಿಸಬಹುದು.